ಕಷ್ಟಪಟ್ಟು ಕಟ್ಟಿದ ಸೈಕ್ಲಿನ್ನನ್ನ ಜೀವಕೋಶನೇ ಯಾಕೆ ಪುಡಿ ಮಾಡತ್ತೆ?

ಕಡಲತಡಿ_ಕಾರವಾರ: ಬಿಎಸ್ಸಿ ಕೊನೇ ವರ್ಷ, ಕಾರವಾರದಿಂದ. ಕೋಶನ ವಿಭಜನೆಗೆ ತಳ್ಳೋ ಪ್ರೋಟೀನ್ ಸೈಕ್ಲಿನ್ ಬಿ ಜಾಸ್ತಿ ಆಗ್ತಾ ಹೋಗತ್ತೆ, ಕೋಶ ಮೈಟೋಸಿಸ್‌ಗೆ, ಅಂದ್ರೆ ವಿಭಜನೆಗೆ, ಇಳಿಯತ್ತೆ, ಇಲ್ಲಿವರೆಗೆ ತಿಳೀತು, ಆದ್ರೆ ಆಮೇಲೆ ಯುಬಿಕ್ವಿಟಿನ್ ಲೈಗೇಸ್ ಅನ್ನೋ ಕಿಣ್ವ ಬಂದು ಅದನ್ನ ಹಾಳು ಮಾಡಿಸತ್ತೆ ಅಂತಾರೆ. ಅಷ್ಟು ಎಟಿಪಿ ಸುಟ್ಟು ಕಟ್ಟಿದ್ದನ್ನ ಸುಮ್ನೆ ಆಫ್ ಮಾಡಿ ಇಟ್ಕೊಂಡ್ರೆ ಆಗ್ತಿರ್ಲಿಲ್ವಾ?

ಶಿರಸಿ_ಮೇಷ್ಟ್ರು: ಆಫ್ ಮಾಡಿದ್ದು ಮತ್ತೆ ಆನ್ ಆಗ್ಬಹುದು, ಪುಡಿಯಾದದ್ದು ವಾಪಸ್ ಬರಲ್ಲ. ಕ್ರೋಮೋಸೋಮ್ ಅರ್ಧ ಎಳೆದಾದ್ಮೇಲೆ ಹಿಂದೆ ಸರಿಯೋ ಹಾಗಿಲ್ವಲ್ಲ, ಅದಕ್ಕೇ ಈ ಖರ್ಚು. ನಮ್ಮ ಕಡೆ ಮರ ಕಡಿಯೋ ಮೊದ್ಲು ಬುಡಕ್ಕೆ ಸುತ್ತಿಗೆ ಗುರುತು ಹೊಡೀತಾರೆ ನೋಡಿ, ಯುಬಿಕ್ವಿಟಿನ್ ಆ ಗುರುತು, ಬರೀ 76 ಅಮೈನೋ ಆಮ್ಲದ ಪುಟ್ಟ ಪ್ರೋಟೀನು, ಸಾಮಾನ್ಯವಾಗಿ ಸರಪಳಿ ಥರ ಒಂದಕ್ಕೊಂದು ಅಂಟ್ಕೊಳ್ಳತ್ತೆ. ಕಡಿಯೋದು ಪ್ರೋಟಿಯಾಸೋಮು, ಪ್ರೋಟೀನ್ ಪುಡಿ ಮಾಡೋ ಕೋಶದ ಯಂತ್ರ. ಯಾವ ಮರ ಅಂತ ಆರಿಸೋದು ಲೈಗೇಸು, ಅಂದ್ರೆ ಇ3. ಮನುಷ್ಯರಲ್ಲಿ ಯುಬಿಕ್ವಿಟಿನ್ನನ್ನ ಮೊದ್ಲು ಚಾಲೂ ಮಾಡೋ ಕಿಣ್ವ ಇ1 ಎರಡೇ ಎರಡು, ಇ3 ಮಾತ್ರ 600ರ ಆಸುಪಾಸು, ಆರಿಸೋ ಕೆಲಸಕ್ಕೇ ಅಷ್ಟು ಜನ ಬೇಕು!

ನಿಮ್ಮ ಸೈಕ್ಲಿನ್ ಬಿಗೆ ಗುರುತು ಹೊಡಿಯೋದು ಎಪಿಸಿ ಅನ್ನೋ ಲೈಗೇಸು. ಅದೇ ಎಪಿಸಿ ಸೆಪರೇಸ್ ಅನ್ನೋ ಕತ್ತರಿ ಕಿಣ್ವನ ಕಟ್ಟಿಹಾಕಿರೋ ಸೆಕ್ಯೂರಿನ್‌ಗೂ ಹೊಡಿಯತ್ತೆ, ಸೆಕ್ಯೂರಿನ್ ಹೋದ್ರೆ ಸೆಪರೇಸ್ ಬಿಡುಗಡೆ, ಅದು ಜೋಡಿ ಕ್ರೊಮ್ಯಾಟಿಡ್‌ಗಳನ್ನ, ಅಂದ್ರೆ ಒಂದು ಕ್ರೋಮೋಸೋಮಿನ ಎರಡು ನಕಲುಗಳನ್ನ, ಹಿಡಿದಿಟ್ಟ ಕೊಹೆಸಿನ್ ಕತ್ತರಿಸತ್ತೆ. ನಂಗೆ ಇದ್ರಲ್ಲಿ ಅತೀ ಇಷ್ಟದ್ದು ಅಂದ್ರೆ, ಮನುಷ್ಯರ 46 ಕ್ರೋಮೋಸೋಮಲ್ಲಿ ಒಂದೇ ಒಂದು ಅದನ್ನ ಎಳೆಯೋ ಸ್ಪಿಂಡಲ್ ಎಳೆಗೆ ಸಿಕ್ಕಿಲ್ಲ ಅಂದ್ರೂ ಅಲ್ಲಿಂದ ಸಿಗ್ನಲ್ ಹೋಗಿ ಎಪಿಸಿ ಕೈ ಕಟ್ಟಿ ಕೂತಿರತ್ತೆ, ಉಳಿದ 45 ರೆಡಿ ಇದ್ರೂ ಕಾಯತ್ತೆ.

ಅಘನಾಶಿನಿ_ಕುಮಟಾ: ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೆ. ನಮ್ದು ಹೊಳೇಲಿ ಬಳಚು ತೆಗೆಯೋ ಊರು, ಅದಕ್ಕೇ ಓದಿದಾಗ ಖುಷಿ ಆಗಿತ್ತು: 1995ರಲ್ಲಿ ವಿಜ್ಞಾನಿ ಹರ್ಶ್ಕೋ ಅವರ ಗುಂಪು ಈ ಎಪಿಸಿ ಲೈಗೇಸನ್ನ ಬಳಚಿನ ಮೊಟ್ಟೆಯಲ್ಲೇ ಕಂಡದ್ದು, ಸೈಕ್ಲೋಸೋಮ್ ಅಂತ ಹೆಸರಿಟ್ರು. ನಮ್ಮ ಬಳಚಲ್ಲ, ಅಟ್ಲಾಂಟಿಕ್ ಕಡಲಿಂದು. ಫಲಿತ ಆದ ಮೊಟ್ಟೆಗಳೆಲ್ಲ ಒಟ್ಟೊಟ್ಟಿಗೆ ಹೆಜ್ಜೆ ಹಾಕ್ತಾವೆ, ಹಂಗಾಗಿ ಯಾವ ಹೊತ್ತಲ್ಲಿ ಸೈಕ್ಲಿನ್ ಕರಗ್ತು ಅಂತ ಸರೀ ಹಿಡೀಬಹುದು. 2004ರ ಕೆಮಿಸ್ಟ್ರಿ ನೊಬೆಲ್ ಅವರಿಗೂ ಚಿಕನೋವರ್, ರೋಸ್ ಇಬ್ಬರಿಗೂ ಯುಬಿಕ್ವಿಟಿನ್ ಕೆಲಸಕ್ಕೇ ಬಂತು.

ಕಡಲತಡಿ_ಕಾರವಾರ: ಈಗ ತಲೆಗೆ ಹೋಯ್ತು, ಥ್ಯಾಂಕ್ಸ್! ಹಾಗಾದ್ರೆ ಲೈಗೇಸ್ ತಪ್ಪು ಮರಕ್ಕೆ ಗುರುತು ಹೊಡೆದ್ರೆ?

ಶಿರಸಿ_ಮೇಷ್ಟ್ರು: ಅಲ್ಲೇ ಕ್ಯಾನ್ಸರ್ ದಾರಿ. ವಿಭಜನೆಗೆ ಬ್ರೇಕ್ ಹಾಕೋ ಪಿ27 ಅನ್ನ ಕೆಡವೋದು ಎಸ್‌ಸಿಎಫ್ ಅನ್ನೋ ಇನ್ನೊಂದು ಲೈಗೇಸು, ಅದರಲ್ಲಿ ಆರಿಸೋ ಭಾಗ ಎಸ್‌ಕೆಪಿ2, ಅದು ಅತಿಯಾದ್ರೆ ಬ್ರೇಕೇ ಉಳಿಯಲ್ಲ. ಎಚ್‌ಪಿವಿ ವೈರಸ್ಸಂತೂ ನಮ್ಮದೇ ಲೈಗೇಸ್ ಒಂದನ್ನ ಹಿಡ್ಕೊಂಡು ಪಿ53 ಮೇಲೆ ಗುರುತು ಹೊಡೆಸತ್ತೆ, ಕಾವಲಿಗೆ ಇದ್ದ ಪ್ರೋಟೀನೇ ಪ್ರೋಟಿಯಾಸೋಮ್ ಪಾಲು. ಗರ್ಭಕೊರಳಿನ ಕ್ಯಾನ್ಸರ್ ಚಾಪ್ಟರ್ ಓದುವಾಗ ಈ ವೈರಸ್ಸಿನ ಇ6 ಪ್ರೋಟೀನ್ ಅಂತ ಬರತ್ತಲ್ಲ, ಹಿಡ್ಕೊಳ್ಳೋ ಕೈ ಅದೇ.