1.2 ವೋಲ್ಟ್ ಕೋರ್ ಸಪ್ಲೈ ಕುಸಿದು ಎಫ್‌ಪಿಜಿಎ ರೀಸೆಟ್ ಆಗ್ತಿದೆ, ಕೆಪಾಸಿಟರ್ ಎಷ್ಟು ಹಾಕಿದರೂ ಅಷ್ಟೇ

ಬೋರ್ಡ್‌ಹುಳ:
ನಾಲ್ಕು ಲೇಯರ್ ಬೋರ್ಡ್, ಸಣ್ಣ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಪ್ರೋಗ್ರಾಂ ಮಾಡುವ ಚಿಪ್). ಕೋರ್‌ನ (ಚಿಪ್‌ನ ಒಳಗಿನ ಲಾಜಿಕ್‌ನ) 1.2 ವೋಲ್ಟ್ ಎಲ್‌ಡಿಒ ಅನ್ನುವ ವೋಲ್ಟೇಜ್ ರೆಗ್ಯುಲೇಟರ್‌ನಿಂದ ಬರುತ್ತದೆ. ಒಳಗಿನ ಫಿಲ್ಟರ್ ಬ್ಲಾಕ್ ಶುರುವಾದ ಕೂಡಲೇ ಕರೆಂಟ್ ಸುಮಾರು 0.4 ಆಂಪಿಯರ್ ಏರುತ್ತದೆ, ಚಿಪ್ ರೀಸೆಟ್ ಆಗುತ್ತದೆ. ಸ್ಕೋಪ್‌ನಲ್ಲಿ ಸಪ್ಲೈ 200 ಮಿಲಿವೋಲ್ಟ್ ಹತ್ತಿರ ಬೀಳುವುದು ಕಾಣುತ್ತಿದೆ. ಪ್ರತಿ ಪವರ್ ಪಿನ್ ಪಕ್ಕ 0.1 ಮೈಕ್ರೋಫ್ಯಾರಡ್ ಇದೆ, ಜೊತೆಗೆ 10 ಮೈಕ್ರೋಫ್ಯಾರಡ್ ಸೆರಾಮಿಕ್ ಒಂದು. ಇನ್ನೊಂದಷ್ಟು 0.1 ಬೆಸೆದು ನೋಡಿದೆ, ಏನೂ ವ್ಯತ್ಯಾಸ ಇಲ್ಲ. ಇನ್ನೂ ಹಾಕಬೇಕಾ?

ಓಮ್‌ಲೆಕ್ಕ:
ಮೊದಲು ಪ್ರೋಬ್ ನೋಡೋಣ. ಗ್ರೌಂಡ್‌ಗೆ ಆ ಉದ್ದದ ಕ್ಲಿಪ್ ವೈರ್ ಹಾಕಿದ್ದೀರಾ? ಅದು ಒಂದು ಲೂಪ್, ಸುತ್ತಲಿನ ನಾಯ್ಸನ್ನೆಲ್ಲ ಹಿಡಿಯುತ್ತದೆ. ಅದನ್ನು ತೆಗೆದು, ತುದಿಯ ಸ್ಪ್ರಿಂಗ್ ಗ್ರೌಂಡ್ ಹಾಕಿ, ಚಿಪ್ ಪಕ್ಕದ ಕೆಪಾಸಿಟರ್‌ನ ಎರಡು ತುದಿಗೇ ಒತ್ತಿ ಅಳೆಯಿರಿ. ಎಷ್ಟು ಬೀಳುತ್ತದೆ ಅನ್ನುವುದಕ್ಕಿಂತ ಎಷ್ಟು ಹೊತ್ತಲ್ಲಿ ಬೀಳುತ್ತದೆ, ಆಮೇಲೆ ಹೇಗೆ ಅಲುಗುತ್ತದೆ ಅನ್ನುವುದು ಮುಖ್ಯ. ಎಲ್‌ಡಿಒ ಮತ್ತು ಚಿಪ್ ನಡುವೆ ಬೇರೆ ಏನಾದರೂ ಇದೆಯಾ?

ಬೋರ್ಡ್‌ಹುಳ:
ಸ್ಪ್ರಿಂಗ್ ಹಾಕಿದ ಮೇಲೆ ಕುಸಿತ ಸುಮಾರು 130 ಮಿಲಿವೋಲ್ಟ್. ಎರಡು ಸಲ ತೂಗಾಡಿ ನಿಲ್ಲುತ್ತದೆ, ಒಂದು ಅಲೆಗೆ 20 ಮೈಕ್ರೋಸೆಕೆಂಡ್ ಆಸುಪಾಸು. ವಿಚಿತ್ರ ಅಂದರೆ, ನಿಂತ ಮೇಲೂ ಮೊದಲಿಗಿಂತ 60 ಮಿಲಿವೋಲ್ಟ್ ಕೆಳಗೇ ಇರುತ್ತದೆ. ನಡುವೆ ಒಂದು ಫೆರೈಟ್ ಬೀಡ್ ಇದೆ, 100 ಮೆಗಾಹರ್ಟ್ಸ್‌ನಲ್ಲಿ 600 ಓಮ್, ಡಿಸಿ ರೆಸಿಸ್ಟೆನ್ಸ್ 0.15 ಓಮ್. ನಾಯ್ಸ್ ತಡೆಯಲಿ ಅಂತ ಹಾಕಿದ್ದು.

ಓಮ್‌ಲೆಕ್ಕ:
ಸಿಕ್ಕಿತು. 20 ಮೈಕ್ರೋಸೆಕೆಂಡ್ ಅಂದರೆ 50 ಕಿಲೋಹರ್ಟ್ಸ್. ಅಷ್ಟು ನಿಧಾನದ ಅಲೆಗೆ 0.1ಗಳನ್ನು ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಆ ಬೀಡ್ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಸುಮ್ನೆ ಒಂದು ಇಂಡಕ್ಟರ್, ಹತ್ತಿರ ಹತ್ತಿರ 1 ಮೈಕ್ರೋಹೆನ್ರಿ. ಅದರ ಮುಂದೆ ನಿಮ್ಮ ಒಟ್ಟು 11 ಮೈಕ್ರೋಫ್ಯಾರಡ್ ಇದೆ. ಎರಡೂ ಸೇರಿ ಅನುರಣಿಸುವುದು 48 ಕಿಲೋಹರ್ಟ್ಸ್‌ನಲ್ಲಿ. ನೀವು ನೋಡಿದ್ದೂ ಅದೇ ಅಲ್ವಾ? ಎಲ್ (ಇಂಡಕ್ಟನ್ಸ್) ಭಾಗಿಸು ಸಿ (ಕೆಪಾಸಿಟನ್ಸ್), ಅದರ ವರ್ಗಮೂಲ ತೆಗೆದರೆ 0.3 ಓಮ್. 0.4 ಆಂಪಿಯರ್ ಜಿಗಿದರೆ 120 ಮಿಲಿವೋಲ್ಟ್ ಆಚೀಚೆ ಬೀಳಲೇಬೇಕು.

ಈಗ ನಿಮಗೆ ಎಷ್ಟು ಬೇಕಿತ್ತು ನೋಡಿ. 1.2 ವೋಲ್ಟ್ ಕುಸಿಯಬಹುದಾದ ಮಿತಿ 5 ಶೇಕಡಾ ಅಂತಿಟ್ಟರೆ 60 ಮಿಲಿವೋಲ್ಟ್. ಅದನ್ನು 0.4ರಿಂದ ಭಾಗಿಸಿದರೆ 150 ಮಿಲಿಓಮ್. ಇದೇ ಟಾರ್ಗೆಟ್ ಇಂಪೀಡೆನ್ಸ್, ಅಂದರೆ ಬದಲಾಗುವ ಕರೆಂಟ್‌ಗೆ ಸಪ್ಲೈ ಒಡ್ಡಬಹುದಾದ ಗರಿಷ್ಠ ತಡೆ. ಚಿಪ್ ಕಣ್ಣಿಗೆ ಸಪ್ಲೈ ಯಾವ ಫ್ರೀಕ್ವೆನ್ಸಿಯಲ್ಲೂ ಇದಕ್ಕಿಂತ ಮೇಲೆ ಹೋಗಬಾರದು. ನಿಮ್ಮ ಬೀಡ್‌ನ ಡಿಸಿ ರೆಸಿಸ್ಟೆನ್ಸ್ ಒಂದೇ ಅಷ್ಟನ್ನೂ ನುಂಗಿದೆ. ನಿಂತ ಮೇಲೂ ಉಳಿದ ಆ 60 ಮಿಲಿವೋಲ್ಟ್ ಅದರದ್ದೇ, ಎಲ್‌ಡಿಒ ವೋಲ್ಟೇಜನ್ನು ಬೀಡ್‌ಗಿಂತ ಮೊದಲೇ ನೋಡುತ್ತಿರುವುದರಿಂದ ಅದಕ್ಕೆ ಇದು ಗೊತ್ತೇ ಆಗುವುದಿಲ್ಲ.

ಬೀಡ್ ತೆಗೆದು 0 ಓಮ್ ರೆಸಿಸ್ಟರ್ ಹಾಕಿ. ಆದರೆ ಎಲ್‌ಡಿಒ ಡೇಟಾಶೀಟ್ ನೋಡಿಕೊಂಡೇ ಹಾಕಿ, ಹಳೇ ಮಾದರಿ ಕೆಲವು ಕಡಿಮೆ ಇಎಸ್‌ಆರ್ (ಕೆಪಾಸಿಟರ್‌ನ ಒಳಗಿನ ರೆಸಿಸ್ಟೆನ್ಸ್) ಇರುವ ಸೆರಾಮಿಕ್ ಕಂಡರೆ ತಾವೇ ಆಸಿಲೇಟ್ ಆಗುತ್ತವೆ.

ಮೂರನೇಲೇಯರ್:
ಬೀಡ್ ಪೂರ್ತಿ ಕೆಟ್ಟದ್ದಲ್ಲ ಸರ್. ಪಿಎಲ್‌ಎಲ್ (ಚಿಪ್‌ನೊಳಗೆ ಕ್ಲಾಕ್ ತಯಾರಿಸುವ ಸರ್ಕ್ಯೂಟ್) ಪಿನ್‌ನಂತಹ ಕೆಲವೇ ಮಿಲಿಆಂಪಿಯರ್ ಎಳೆಯುವ ಕಡೆ ಇರಲಿ. ಅಲ್ಲೂ ಅನುರಣನ ಕಾಡಿದರೆ, ಕೆಪಾಸಿಟರ್ ಪಕ್ಕ ನಾಲ್ಕೈದು ಪಟ್ಟು ದೊಡ್ಡದೊಂದನ್ನು ಸಣ್ಣ ರೆಸಿಸ್ಟರ್ ಸರಣಿಯಲ್ಲಿಟ್ಟು ಸೇರಿಸಿ. ಕೋರ್ ಲೈನ್‌ಗೆ ಮಾತ್ರ ಬೇಡ.

ಬೋರ್ಡ್‌ಹುಳ:
0 ಓಮ್ ಹಾಕಿದೆ. ಕುಸಿತ ಈಗ 25 ಮಿಲಿವೋಲ್ಟ್ ಒಳಗೆ, ರೀಸೆಟ್ ನಿಂತಿದೆ. ಆದರೆ ಕ್ಲಾಕ್ ಅಂಚಿನಲ್ಲಿ ತೀರಾ ಚೂಪಾದ ಮುಳ್ಳುಗಳು ಹಾಗೇ ಇವೆ. 0.1ಗಳಿಂದ ವಯಾಗೆ (ಲೇಯರ್‌ಗಳನ್ನು ಜೋಡಿಸುವ ಲೋಹದ ತೂತು) 3 ಮಿಲಿಮೀಟರ್ ತೆಳು ಟ್ರೇಸ್ ಎಳೆದಿದ್ದೇನೆ.

ಓಮ್‌ಲೆಕ್ಕ:
ಆ ಟ್ರೇಸೇ ಕಾರಣ ಇರಬಹುದು. ತೆಳು ಟ್ರೇಸ್‌ಗೆ ಮಿಲಿಮೀಟರಿಗೆ 1 ನ್ಯಾನೋಹೆನ್ರಿ ಅಂತ ಒರಟು ಲೆಕ್ಕ. 3 ನ್ಯಾನೋಹೆನ್ರಿ, 100 ಮೆಗಾಹರ್ಟ್ಸ್‌ನಲ್ಲಿ ಸುಮಾರು 1.9 ಓಮ್. ಅಲ್ಲಿ ಕೆಪಾಸಿಟರ್ ಎಷ್ಟು ಮೈಕ್ರೋಫ್ಯಾರಡ್ ಇದ್ದರೂ ಒಂದೇ. ಮುಂದಿನ ಬೋರ್ಡ್‌ನಲ್ಲಿ ವಯಾವನ್ನು ಪ್ಯಾಡ್‌ಗೆ ತಾಗುವ ಹಾಗೆ, ತುದಿಯಲ್ಲಲ್ಲ, ಪಕ್ಕದಲ್ಲಿ ಇಡಿ. ಪವರ್ ವಯಾ, ಗ್ರೌಂಡ್ ವಯಾ ಎರಡೂ ಒಂದಕ್ಕೊಂದು ಹತ್ತಿರ ಇರಲಿ. ಲೇಔಟ್ ಫೋಟೋ ಹಾಕಿ, ನೋಡೋಣ.