ಪಾಲಿಶ್ ಮಾಡಿದ ಸ್ಟೀಲ್ ಬೀಡಿಂಗ್ ಮಬ್ಬಾಗಿದೆ, ಕಂದು ಚುಕ್ಕೆ ಮತ್ತೆ ಮತ್ತೆ ಬರ್ತಿದೆ (1957ರ ಬೆಲ್ ಏರ್)

ಮೂಡಿಗೆರೆ_57

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಓಡಿಸ್ತಿದ್ದ 1957ರ ಶೆವರ್ಲೆ ಬೆಲ್ ಏರ್, ನಾಲ್ಕು ಬಾಗಿಲಿನದು, ಹನ್ನೆರಡು ವರ್ಷದಿಂದ ಕಾಫಿ ಗೋಡೌನ್ ಪಕ್ಕದ ಶೆಡ್ಡಲ್ಲಿ ನಿಂತಿತ್ತು. ಕೊಯ್ಲು ಮುಗಿದ ಮೇಲೆ ಹೊರಗೆ ಎಳೆದು ಕೆಲಸ ಶುರು ಮಾಡಿದೀವಿ. ಪಕ್ಕದ ಉದ್ದ ಬೀಡಿಂಗ್ ಪಟ್ಟಿಗಳನ್ನ ನಾನೇ ಪಾಲಿಶ್ ಮಾಡ್ತಿದೀನಿ.

ಇದುವರೆಗೆ ಮಾಡಿದ್ದು: ಹಳೇ ಕೊಳೆ ಹೋಗಲಿ ಅಂತ ಬಾತ್‌ರೂಮ್ ಆ್ಯಸಿಡ್ ಹಾಕಿ, ಪಾತ್ರೆ ತಿಕ್ಕೋ ಕಬ್ಬಿಣದ ನಾರಿನಲ್ಲಿ ಉಜ್ಜಿದೆ. ಆಮೇಲೆ 220ರ ವಾಟರ್ ಪೇಪರ್ (ನೀರಲ್ಲಿ ಅದ್ದಿ ಉಜ್ಜೋ ಮರಳು ಕಾಗದ, ನಂಬರ್ ಹೆಚ್ಚಾದಷ್ಟೂ ನುಣುಪು). ಕೊನೆಗೆ ನಾಲ್ಕು ಇಂಚಿನ ಹ್ಯಾಂಡ್ ಗ್ರೈಂಡರಿಗೆ ಬಟ್ಟೆ ಬಫ್ (ಪಾಲಿಶ್ ಮಾಡೋ ಬಟ್ಟೆ ಚಕ್ರ) ಸಿಕ್ಕಿಸಿ ಪಾಲಿಶ್.

ದೂರದಿಂದ ಹೊಳೀತದೆ. ಬಿಸಿಲಿಗೆ ಹಿಡಿದ್ರೆ ಹಾಲು ಬಳಿದ ಹಾಗೆ ಮಬ್ಬು, ಒಳಗೆಲ್ಲ ಸಣ್ಣ ಗೀರು. ಒಂದು ಕಡೆ ಗೇಣುದ್ದ ಜಾಗ ಹಳದಿ, ನೀಲಿ ಆಗಿ ಅಲೆ ಬಂದಿದೆ. ಎರಡು ವಾರದಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆ ಎದ್ದಿದೆ. ಒರೆಸಿದ್ರೆ ಹೋಗುತ್ತೆ, ನಾಲ್ಕು ದಿನಕ್ಕೆ ವಾಪಸ್. ಪೇಟೆಯ ಅಂಗಡಿಯವರೊಬ್ಬರು ಅಯಸ್ಕಾಂತ ಇಟ್ಟು ನೋಡಿ, "ಅಂಟ್ತದೆ, ಇದು ಸ್ಟೇನ್‌ಲೆಸ್ ಅಲ್ಲ, ಕ್ರೋಮ್ ಹಾಕಿಸಿಬಿಡಿ" ಅಂದ್ರು. ಕೊಡಲಾ?

ಹಾಸನ_ಬಫಿಂಗ್

ಸರ್, ದಯವಿಟ್ಟು ಕ್ರೋಮಿಗೆ ಕೊಡಬೇಡಿ. ಅಯಸ್ಕಾಂತದ ಪರೀಕ್ಷೆ ನಂಬಿ ಒಳ್ಳೇ ಪಟ್ಟಿ ಹಾಳಾಗಿದ್ದು ಬಹಳ ನೋಡಿದೀನಿ. ಅಡುಗೆಮನೆ ಪಾತ್ರೆಯ 304 ಸ್ಟೀಲಿಗೆ ಅಯಸ್ಕಾಂತ ಸಾಮಾನ್ಯವಾಗಿ ಅಂಟಲ್ಲ, ಯಾಕಂದ್ರೆ ಅದರಲ್ಲಿ ನೂರಕ್ಕೆ ಸುಮಾರು 8 ಭಾಗ ನಿಕ್ಕೆಲ್ ಇದೆ. ಕಾರಿನ ಬೀಡಿಂಗಿಗೆ ಹೆಚ್ಚು ಬಳಕೆಯಲ್ಲಿರೋದು 430 ಜಾತಿ. ಅದರಲ್ಲಿ ಕ್ರೋಮಿಯಂ 16ರಿಂದ 18 ಭಾಗ, ನಿಕ್ಕೆಲ್ ಹೆಚ್ಚುಕಮ್ಮಿ ಇಲ್ಲ. ಅದು ಸ್ಟೇನ್‌ಲೆಸ್ಸೇ, ಆದ್ರೂ ಅಯಸ್ಕಾಂತ ಗಟ್ಟಿಯಾಗಿ ಹಿಡಿಯುತ್ತೆ.

ಮೊದಲು ಇಷ್ಟು ನೋಡಿ ಹೇಳಿ. ಪಟ್ಟಿಯ ಹಿಂಬದಿ ಕೆರೆದ್ರೆ ಪದರ ಏಳುತ್ತಾ, ಒಳಗೂ ಅದೇ ಬಿಳಿ ಲೋಹನಾ? ಹಿಂದೆ ಕಾಣದ ಮೂಲೆಯಲ್ಲಿ ಕಾಸ್ಟಿಕ್ ಸೋಡಾ ನೀರು ಒಂದು ಹನಿ ಬಿಟ್ರೆ ನೊರೆ ಬರುತ್ತಾ? ಕೈಗೆ ರಬ್ಬರ್ ಗ್ಲೌಸ್ ಹಾಕ್ಕೊಂಡೇ ಮಾಡಿ. ಅಲ್ಯೂಮಿನಿಯಂ ಆದ್ರೆ ನೊರೆ ಏಳುತ್ತೆ.

ಇನ್ನೊಂದು ಮಾತು, ತುಂಬಾ ಮುಖ್ಯ. ಬೆಲ್ ಏರಿನ ಹಿಂದಿನ ರೆಕ್ಕೆ ಮೇಲೆ, ಎರಡು ಪಟ್ಟಿಗಳ ನಡುವೆ ಗೆರೆಗೆರೆ ಇರೋ ಬೆಳ್ಳಿ ಬಣ್ಣದ ತಗಡು ಇದ್ಯಲ್ಲ, ಅದು ಆನೊಡೈಸ್ ಮಾಡಿದ (ಮೇಲೆ ಕರೆಂಟಿನಿಂದ ಆಕ್ಸೈಡ್ ಪದರ ಕಟ್ಟಿಸಿದ) ಅಲ್ಯೂಮಿನಿಯಂ. ಅದಕ್ಕೆ ಪೇಪರ್, ಬಫ್, ಆ್ಯಸಿಡ್, ಕಾಸ್ಟಿಕ್ ಯಾವುದೂ ಸೋಕಬಾರದು. ಮುಟ್ಟಿಲ್ಲ ತಾನೆ?

ಮೂಡಿಗೆರೆ_57

ಪುಣ್ಯಕ್ಕೆ ಮುಟ್ಟಿಲ್ಲ ಅಣ್ಣಾ, ಬಿಚ್ಚಿ ಗೋಣಿಯಲ್ಲಿ ಸುತ್ತಿಟ್ಟಿದೀನಿ. ಬೀಡಿಂಗ್ ಹಿಂಬದಿ ಕೆರೆದೆ, ಪದರ ಏನೂ ಇಲ್ಲ, ಒಳಗೂ ಬಿಳಿ. ಕಾಸ್ಟಿಕ್ ಹನಿಗೆ ಒಂದು ಗುಳ್ಳೆಯೂ ಬರಲಿಲ್ಲ.

ಹಾಸನ_ಬಫಿಂಗ್

ಹಂಗಾದ್ರೆ ಸ್ಟೇನ್‌ಲೆಸ್ಸೇ. ನಿಮ್ಮ ಮೂರು ತೊಂದರೆಗೂ ಬೇರೆ ಬೇರೆ ಕಾರಣ ಇದೆ.

ಕಂದು ಚುಕ್ಕೆ ಮೊದಲು. ಸ್ಟೇನ್‌ಲೆಸ್ ತುಕ್ಕು ಹಿಡಿಯದೇ ಇರೋದು ಮೇಲೆ ತಾನಾಗೇ ಕಟ್ಟೋ ತೆಳು ಕ್ರೋಮಿಯಂ ಆಕ್ಸೈಡ್ ಪದರದಿಂದ. ಬಾತ್‌ರೂಮ್ ಆ್ಯಸಿಡ್ ಅಂದ್ರೆ ಹೈಡ್ರೋಕ್ಲೋರಿಕ್, ಅದರ ಕ್ಲೋರೈಡ್ ಆ ಪದರವನ್ನೇ ತಿನ್ನುತ್ತೆ. ಮೇಲಿಂದ ಕಬ್ಬಿಣದ ನಾರು ಉಜ್ಜಿದಾಗ ಕಬ್ಬಿಣದ ಪುಡಿ ಗೀರುಗಳ ಒಳಗೆ ಕೂತಿದೆ. ಅಲ್ಲಿ ತುಕ್ಕು ಹಿಡೀತಿರೋದು ಬಹುಪಾಲು ಆ ಪುಡಿ, ಪಟ್ಟಿಯಲ್ಲ. ಮಲೆನಾಡಿನ ತೇವಕ್ಕೆ ನಾಲ್ಕು ದಿನ ಸಾಕು.

ನೀಲಿ ಬಂದಿದ್ದು ಶಾಖದಿಂದ. ಹಳದಿ ಬಣ್ಣಕ್ಕೇ ಸುಮಾರು 300 ಡಿಗ್ರಿ ಬೇಕು, ನೀಲಿಗೆ 500 ದಾಟಬೇಕು. ಸ್ಟೇನ್‌ಲೆಸ್ಸಿನಲ್ಲಿ ಶಾಖ ಬೇಗ ಹರಡಲ್ಲ, ಒತ್ತಿದ ಜಾಗದಲ್ಲೇ ನಿಲ್ಲುತ್ತೆ. ತೆಳು ಪಟ್ಟಿ ಅಲ್ಲೇ ಹಿಗ್ಗಿ ಸೊಟ್ಟಗಾಗುತ್ತೆ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗಿದ್ರೆ ಬಫಿನ ಅಂಚು ನಿಮಿಷಕ್ಕೆ ಸುಮಾರು 3,450 ಮೀಟರ್ ಓಡುತ್ತೆ. ನಮ್ಮ ಬೆಂಚ್ ಮೋಟರ್ 2,880 ಸುತ್ತಿನದು, ಎಂಟಿಂಚು ಬಫಿಗೆ 1,840 ಮೀಟರ್ ಬರುತ್ತೆ, ಅಷ್ಟು ಸಾಕು. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಆಯ್ತು ಅಂದ್ರೆ ಅಲ್ಲಿಂದ ಸರಿಯಬೇಕು.

ಈಗ ಮಬ್ಬು, ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ. 220ರ ಗೀರು ಬಫಿನಿಂದ ಹೋಗಲ್ಲ ಸರ್. ಬಫ್ ಆ ಗೀರಿನ ದಡವನ್ನ ನುಣುಪು ಮಾಡುತ್ತೆ, ಗುಂಡಿ ಹಂಗೇ ಉಳಿಯುತ್ತೆ. ಹೊಳಪು ಬರೋದು ಪೇಪರಿನಲ್ಲಿ; ಬಫಿನದು ಕೊನೇ ಕೈ ಅಷ್ಟೇ. 320, 400, 600, 800, 1000, 1500, ಎಲ್ಲವೂ ನೀರಲ್ಲಿ ಅದ್ದಿ, ಒಂದು ನಂಬರನ್ನೂ ಹಾರಿಸದೆ. ಪ್ರತಿ ನಂಬರಿಗೂ ದಿಕ್ಕು ಬದಲಿಸಿ: 320 ಉದ್ದಕ್ಕೆ ಎಳೆದ್ರೆ 400 ಓರೆಗೆ, 600 ಮತ್ತೆ ಉದ್ದಕ್ಕೆ. ಹಿಂದಿನ ದಿಕ್ಕಿನ ಒಂದು ಗೆರೆ ಕಂಡ್ರೂ ಮುಂದಕ್ಕೆ ಹೋಗಬೇಡಿ. ಕಣ್ಣಿಗೆ ಗೊತ್ತಾಗದಿದ್ರೆ ಮಾರ್ಕರ್ ಪೆನ್ನಿಂದ ಪಟ್ಟಿ ಮೇಲೆ ಬಳಿದುಬಿಡಿ, ಆಮೇಲೆ ಉಜ್ಜಿ. ಶಾಯಿ ಎಲ್ಲಿ ಉಳೀತೋ ಅಲ್ಲಿ ಹಳೇ ಗೀರು ಇನ್ನೂ ಇದೆ. ನೀಲಿ ಕಲೆಯೂ ಇದರಲ್ಲೇ ಹೋಗುತ್ತೆ.

ಆಮೇಲೆ ಗಟ್ಟಿ ಹೊಲಿಗೆಯ ಬಟ್ಟೆ ಬಫ್, ಸ್ಟೀಲಿನ ಹಸಿರು ಪಾಲಿಶ್ ಕಡ್ಡಿ. ಕೊನೆಗೆ ಮೆತ್ತನೆ ಬಫ್. ಹಿತ್ತಾಳೆಗೋ ಕಬ್ಬಿಣಕ್ಕೋ ಬಳಸಿದ ಬಫ್ ಇದಕ್ಕೆ ಬೇಡ.

ಎಲ್ಲಾ ಮುಗಿದ ಮೇಲೆ ಸೋಪು ನೀರಲ್ಲಿ ಜಿಡ್ಡು ತೊಳೆದು, ಲೀಟರಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿದ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ. ಉಳಿದ ಕಬ್ಬಿಣದ ಪುಡಿಯನ್ನ ಅದು ಕರಗಿಸುತ್ತೆ, ಮೇಲಿನ ಪದರ ಮತ್ತೆ ಚೆನ್ನಾಗಿ ಕಟ್ಟುತ್ತೆ. ಮೊದಲು ಒಂದು ತುದಿ ಮಾತ್ರ ಅದ್ದಿ ನೋಡಿ. ಅಷ್ಟುದ್ದ ಪಟ್ಟಿಗೆ ಪಾತ್ರೆ ಎಲ್ಲಿ ಅನ್ನಬೇಡಿ, ತೋಟದಲ್ಲಿ ಹಳೇ ಸ್ಪ್ರಿಂಕ್ಲರ್ ಪೈಪ್ ಇರುತ್ತಲ್ಲ, ಪ್ಲಾಸ್ಟಿಕ್ಕಿನದು ತಗೊಂಡು ಒಂದು ತುದಿ ಮುಚ್ಚಿ ನಿಲ್ಲಿಸಿ. ಅಲ್ಯೂಮಿನಿಯಂ ಪೈಪ್ ಬೇಡ.

ಸಕಲೇಶಪುರ_ಟಿಂಕರಿಂಗ್

ಹಾಸನದ ಅಣ್ಣ ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ. ನೆಗ್ಗು, ಅಲೆ ತೆಗೆಯೋದು ಪೇಪರಿಗಿಂತ ಮೊದಲು. ಅಲೆ ಇರೋ ಪಟ್ಟಿ ಎಷ್ಟು ಹೊಳೆದ್ರೂ ಕಣ್ಣಿಗೆ ಕುಕ್ಕುತ್ತೆ.

ಪಟ್ಟಿಯನ್ನ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನಿಧಾನಕ್ಕೆ ಓರೆ ಮಾಡಿ. ಬೆಳಕಿನ ಗೆರೆ ನೇರ ಹರಿಯಬೇಕು. ಎಲ್ಲಿ ಹಾವಿನ ಹಾಗೆ ಬಳುಕುತ್ತೋ ಅಲ್ಲಿ ನೆಗ್ಗು. ಹಿಂಬದಿ ಅದೇ ಜಾಗಕ್ಕೆ ಪೆನ್ನಲ್ಲಿ ಗುರುತು ಹಾಕಿ. ಮುಖವನ್ನ ಹಲಸಿನ ಹಲಗೆ ಮೇಲೆ ಮಲಗಿಸಿ, ಬಟಾಣಿಯಷ್ಟು ಸಣ್ಣ ಗುಂಡು ತುದಿಯ ಸುತ್ತಿಗೆಯಲ್ಲಿ ಹಿಂದಿಂದ ತಟ್ಟಿ. ತುದಿಯನ್ನೂ ಕನ್ನಡಿ ಹಾಗೆ ಪಾಲಿಶ್ ಮಾಡಿರಬೇಕು, ಇಲ್ಲಾಂದ್ರೆ ಅದರ ಗುರುತೇ ಮುಂದೆ ಮೂಡುತ್ತೆ. ನೆಗ್ಗಿನ ಅಂಚಿಂದ ಶುರು ಮಾಡಿ ನಡುವಿಗೆ ಬನ್ನಿ. ಜೋರಾಗಿ ಒಂದೇಟು ಹೊಡೆದ್ರೆ ಲೋಹ ಹಿಗ್ಗುತ್ತೆ, ಹಿಗ್ಗಿದ್ದನ್ನ ವಾಪಸ್ ತರೋದು ಕಷ್ಟ. ಆಮೇಲೆ ನುಣುಪು ಅರ ಒಂದು ಸಲ ಹಗುರಕ್ಕೆ ಎಳೆಯಿರಿ. ಉಬ್ಬಿದ ಕಡೆ ಹೊಳೆಯುತ್ತೆ, ತಗ್ಗು ಮಂಕಾಗೇ ಇರುತ್ತೆ. ತಗ್ಗಿಗೆ ಮತ್ತೆ ಹಿಂದಿಂದ ತಟ್ಟಿ. ನಿಮ್ಮ ಶಾಖದ ಅಲೆ ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ, ಕಮ್ಮಿ ಆಗುತ್ತೆ.

ಬಫ್ ಮೋಟರಿಗೆ ಹೋಗೋ ಮುಂಚೆ ಪಟ್ಟಿಯನ್ನ ರೀಪಿನ ತುಂಡಿಗೆ ಕಟ್ಟಿಕೊಳ್ಳಿ. ಬರಿಗೈಯಲ್ಲಿ ಉದ್ದ ಪಟ್ಟಿ ಹಿಡಿದ್ರೆ ಬಫ್ ಅದರ ಅಂಚನ್ನ ಕಚ್ಚಿ ಎಳೆದು ಬೀಸುತ್ತೆ. ನನ್ನ ಮುಂಗೈ ಮೇಲೆ ಏಳು ಹೊಲಿಗೆ ಇದೆ. ಚಕ್ರದ ಕೆಳಭಾಗಕ್ಕೆ ಮಾತ್ರ ಕೊಡಿ, ಮೇಲಿನ ಅಂಚಿಗೆ ಯಾವತ್ತೂ ಬೇಡ. ಕನ್ನಡಕ, ಮಾಸ್ಕ್ ಇರಲಿ. ಪಂಚೆ, ಶಾಲು, ಸಡಿಲ ತೋಳು ಬೇಡವೇ ಬೇಡ.

ಚಿಕ್ಕಮಗಳೂರು_ಅಂಬಾಸಿಡರ್

ನಡುವೆ ಕೇಳ್ತಿದೀನಿ, ಕ್ಷಮಿಸಿ. ನನ್ನ ಅಂಬಾಸಿಡರ್ ಬಂಪರಿಗೂ ಇದೇ ರೀತಿ ಪೇಪರ್ ಹಾಕಬಹುದಾ?

ಹಾಸನ_ಬಫಿಂಗ್

ಬೇಡ ಸರ್. ಅದು ಕಬ್ಬಿಣದ ಮೇಲೆ ನಿಕ್ಕೆಲ್, ಅದರ ಮೇಲೆ ಕ್ರೋಮ್. ಆ ಕ್ರೋಮ್ ಒಂದು ಮೈಕ್ರಾನಿನಷ್ಟೂ ದಪ್ಪ ಇರಲ್ಲ. ಪೇಪರ್ ಎರಡು ಸಲ ಎಳೆದ್ರೆ ಮುಗೀತು. ತುಕ್ಕು ಮೇಲ್ಮೇಲೆ ಇದ್ರೆ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರಲ್ಲಿ ಅದ್ದಿ ಉಜ್ಜಿ. ಗುಳ್ಳೆ ಎದ್ದು ಪದರ ಸುಲಿದಿದ್ರೆ ಹೊಸದಾಗಿ ಕ್ರೋಮ್ ಹಾಕಿಸೋದೇ ದಾರಿ. ಮೂಡಿಗೆರೆಯವರ ಬಾನೆಟ್ ಮೇಲಿನ ರಾಕೆಟ್ ಆಕಾರದ ಎರಡು ಅಲಂಕಾರಗಳೂ ಅಷ್ಟೇ, ಸತುವಿನ ಎರಕಕ್ಕೆ ಕ್ರೋಮ್ ಮಾಡಿರೋದು, ಅದಕ್ಕೂ ಪೇಪರ್ ಬೇಡ.

ಮೂಡಿಗೆರೆ_57

ಮೂರು ವಾರದ ಮೇಲೆ ಬರೀತಿದೀನಿ. ಎಡಗಡೆ ಮುಂದಿನ ಬಾಗಿಲಿನ ಪಟ್ಟಿ ಮುಗೀತು. ನೆಗ್ಗಿಗೆ ಒಂದು ಸಂಜೆ, ಪೇಪರಿಗೆ ಎರಡು ದಿನ, ಬಫಿಗೆ ಬರೀ ಅರ್ಧ ಗಂಟೆ. ಮಾರ್ಕರ್ ಬಳಿದು ನೋಡಿದಾಗಲೇ 220ರ ಗೀರು ಎಷ್ಟು ಆಳ ಇತ್ತು ಅಂತ ಗೊತ್ತಾಗಿದ್ದು. 320ರಲ್ಲೇ ಮೂರು ಸಲ ವಾಪಸ್ ಹೋದೆ. ನೀಲಿ 400ಕ್ಕೆ ಮಾಯವಾಯ್ತು. ಅಲೆ ಟ್ಯೂಬ್‌ಲೈಟಲ್ಲಿ ಹುಡುಕಿದ್ರೆ ಕಾಣುತ್ತೆ, ಬಿಸಿಲಲ್ಲಿ ಇಲ್ಲ.

ನಿಂಬೆ ಉಪ್ಪಲ್ಲಿ ನೆನೆಸಿ ತೊಳೆದು, ಬೇಕಂತಲೇ ಹತ್ತು ದಿನ ಶೆಡ್ಡಿನ ಹೊರಗೆ ಮಳೆಗೆ ನೇತುಹಾಕಿದ್ದೆ. ಒಂದು ಚುಕ್ಕೆಯೂ ಇಲ್ಲ. ಆ್ಯಸಿಡ್ ಜಾಸ್ತಿ ನಿಂತಿದ್ದ ತುದಿಯಲ್ಲಿ ಮಾತ್ರ ಐದಾರು ಸಣ್ಣ ಗುಂಡಿ ಉಳಿದಿದೆ, ಅಷ್ಟು ಆಳಕ್ಕೆ ಲೋಹ ತೆಗೆಯೋದು ಬೇಡ ಅಂತ ಬಿಟ್ಟೆ.

ಇನ್ನೊಂದು ಪ್ರಶ್ನೆ. ಹಳೇ ಕ್ಲಿಪ್‌ಗಳೆಲ್ಲ ತುಕ್ಕು ಹಿಡಿದಿವೆ. ಅವನ್ನೇ ಹಾಕಲಾ?

ಸಕಲೇಶಪುರ_ಟಿಂಕರಿಂಗ್

ಹೊಸದು ಹಾಕಿ. ಹಳೇ ಕ್ಲಿಪ್ಪಿನ ತುಕ್ಕೇ ಬಾಗಿಲಿನ ಪೇಂಟ್ ಒಳಗೆ ಇಳಿಯೋದು. ಬಾಗಿಲಿನ ತೂತಿನ ಅಂಚಿಗೆ ಪ್ರೈಮರ್ ಮುಟ್ಟಿಸಿ, ಕ್ಲಿಪ್ ಕೂರೋ ಜಾಗಕ್ಕೆ ಮೇಣ ಸವರಿ, ಆಮೇಲೆ ಪಟ್ಟಿಯನ್ನ ಒಂದು ತುದಿಯಿಂದ ಅಂಗೈಯಲ್ಲಿ ಒತ್ತುತ್ತಾ ಬನ್ನಿ. ಸುತ್ತಿಗೆ ಬೇಡ.