ಪದ ಬೇಕು: ‘ಟ್ರಸ್ಟಿ’ (ಯುವಕೂಟದ ಪ್ರಕಟಣೆಗೆ, ನಾಳೆ ಸಂಜೆಯೊಳಗೆ)

ಕೇಳಿದವರು, ರೆಡಿಂಗ್

ಬಳಗದವರಿಗೆ ನಮಸ್ಕಾರ. ಇಲ್ಲಿ, ಇಂಗ್ಲೆಂಡಿನಲ್ಲಿ, ಯುವಕೂಟವೊಂದಕ್ಕೆ ಹೊಸ ಟ್ರಸ್ಟಿಗಳು ಬೇಕಾಗಿದ್ದಾರೆ. ಊರಲ್ಲಿ ಕನ್ನಡದ ಮನೆಗಳೂ ಇರುವುದರಿಂದ ಪ್ರಕಟಣೆ ಕನ್ನಡದಲ್ಲೂ ಬರಲಿ ಎಂದಿದ್ದಾರೆ. ಎ4 ಹಾಳೆ, ತಲೆಬರಹ ಒಂದೇ ಸಾಲು, ನಾಳೆ ಸಂಜೆ ಅಚ್ಚಿಗೆ. ಕರಡಿನಲ್ಲಿ ‘ಧರ್ಮದರ್ಶಿಗಳು ಬೇಕಾಗಿದ್ದಾರೆ’ ಎಂದಿದೆ. ಓದಿದವರು ಯಾವ ದೇವಸ್ಥಾನ ಎಂದು ಕೇಳುತ್ತಾರೆ. ‘ಪೋಷಕರು’ ಆಗಬಹುದೇ? ಕೆಲಸ ಇಷ್ಟು: ವರ್ಷಕ್ಕೆ ಆರು ಸಭೆ, ಸಂಬಳವಿಲ್ಲ, ರಸೀದಿ ಕೊಟ್ಟರೆ ಬಸ್ಸು-ರೈಲಿನ ಖರ್ಚು ಸಿಗುತ್ತದೆ. ಲೆಕ್ಕಪತ್ರ, ಮಕ್ಕಳ ಸುರಕ್ಷತೆ, ಹಾಲ್ ಬಾಡಿಗೆಯ ಕರಾರು, ಎಲ್ಲದರಲ್ಲೂ ಕೊನೆಯ ಮಾತು ಇವರದೇ.

ಮೈಸೂರಿನಿಂದ

‘ಪೋಷಕರು’ ಬೇಡವೇ ಬೇಡ. ಯುವಕೂಟದ ಬಾಗಿಲಿಗೆ ‘ಪೋಷಕರು ಬೇಕಾಗಿದ್ದಾರೆ’ ಎಂದು ಅಂಟಿಸಿದರೆ ಮಕ್ಕಳಿಗೆ ಅಪ್ಪ-ಅಮ್ಮನನ್ನು ಹುಡುಕಿದಂತಾಗುತ್ತದೆ. ಶಾಲೆಯ ಸುತ್ತೋಲೆಗಳು ಆ ಪದವನ್ನು ತಂದೆತಾಯಿಗೇ ಬರೆದುಕೊಟ್ಟಿವೆ. ಇನ್ನುಳಿದದ್ದು ಆಮಂತ್ರಣ ಪತ್ರಿಕೆಯ ‘ಮಹಾಪೋಷಕರು’, ಅಂದರೆ ದುಡ್ಡು ಕೊಟ್ಟು ಹಾರ ಹಾಕಿಸಿಕೊಳ್ಳುವವರು. ‘ಗೌರವ ಟ್ರಸ್ಟಿ’ ಎಂದೂ ಬರೆಯಬೇಡಿ. ಸಂಬಳವಿಲ್ಲ ಎನ್ನಲು ಹೋಗಿ ಕೆಲಸವೂ ಇಲ್ಲ ಎಂದಂತಾದೀತು.

ಸರಿಯಾದದ್ದು ‘ವಿಶ್ವಸ್ತ’. ಸ್ತ, ಸ್ಥ ಅಲ್ಲ. ಶ್ವಸ್ ಧಾತು, ಕ್ತ ಪ್ರತ್ಯಯ. ಬೋರ್ಡುಗಳಲ್ಲಿ ಕಾಣುವ ‘ವಿಶ್ವಸ್ಥ ಮಂಡಳಿ’ ಅನುಭವಸ್ಥ, ವ್ಯವಹಾರಸ್ಥಗಳನ್ನು ನೋಡಿ ಕಲಿತ ತಪ್ಪು. ಬಿಡಿಸಿದರೆ ವಿಶ್ವದಲ್ಲಿ ಇರುವವನು ಎಂದಾಗುತ್ತದೆ. ಹಾಗಾದರೆ ನಾವೆಲ್ಲರೂ ಟ್ರಸ್ಟಿಗಳೇ.

ಮಂಗಳೂರಿನಿಂದ

ಕಾಗುಣಿತ ಸರಿ, ಪದ ತಪ್ಪು. ವಿಶ್ವಸ್ತ ಎಂಬುದು ಗುಣ, ಹುದ್ದೆಯಲ್ಲ. ‘ವಿಶ್ವಸ್ತ ಮೂಲಗಳು’ ಎಂದು ಪತ್ರಿಕೆಯವರು ಬರೆಯುವುದಿಲ್ಲವೇ? ಟ್ರಸ್ಟಿ ಎಂದರೆ ಇನ್ನೊಬ್ಬರ ಸೊತ್ತನ್ನು ಕಾಯುವವ. ಅದಕ್ಕೆ ‘ನ್ಯಾಸ’ ಇದೆ: ನಿ ಮತ್ತು ಅಸ್, ಒಪ್ಪಿಸಿ ಇಟ್ಟದ್ದು. ‘ನ್ಯಾಸಧಾರಿ’ ಎನ್ನಿ. ನಮ್ಮ ಕಡೆಯ ‘ಮೊಕ್ತೇಸರ’ವೂ ಹೆಚ್ಚುಕಮ್ಮಿ ಇದೇ ಕೆಲಸದ ಹೆಸರು, ಆದರೆ ಅದನ್ನು ಹಾಕಿದರೆ ಮತ್ತೆ ದೇವಸ್ಥಾನದ ಅಂಗಳಕ್ಕೇ ಬಂದು ನಿಲ್ಲುತ್ತೀರಿ.

ಧಾರವಾಡದಿಂದ

ನ್ಯಾಸಧಾರಿ ಅಂದ್ರ ಪೂಜಿಯೊಳಗ ಅಂಗನ್ಯಾಸ-ಕರನ್ಯಾಸ ಮಾಡಾವ್ರು ಅಂತ ತಿಳಕೋತಾರ್ರಿ. ಸಂನ್ಯಾಸನೂ ಅದೇ ಧಾತು. ಮೊದಲೇ ಪಗಾರ ಇಲ್ಲ ಅಂದೀರಿ, ಹೆಸರೂ ಹಂಗಿಟ್ರ ಯಾರು ಬರ್ತಾರ? ಎಲ್ಲಾದಕ್ಕೂ ಸಂಸ್ಕೃತದ ಕಾಲು ಯಾಕ ಹಿಡೀಬೇಕು? ‘ಹೊಣೆಗಾರರು’ ಅನ್ರಿ, ಮುಗೀತು. ಅಚ್ಚಗನ್ನಡ.

ಮೈಸೂರಿನಿಂದ

ಹೊಣೆಗಾರದ ‘ಗಾರ’ ಸಂಸ್ಕೃತದ ‘ಕಾರ’. ಅಚ್ಚಗನ್ನಡವಂತೆ.

ಧಾರವಾಡದಿಂದ

ಹಂಗಾದ್ರ ಕುಂಬಾರನ್ನೂ ಕಮ್ಮಾರನ್ನೂ ಊರು ಬಿಡಸ್ರಿ.

ಬರ್ಮಿಂಗ್‌ಹ್ಯಾಮ್‌ನಿಂದ

ಧಾತು ಬಿಟ್ಟು ಕಾನೂನು ನೋಡೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2011ರ ಚಾರಿಟೀಸ್ ಆ್ಯಕ್ಟ್, 177ನೇ ಸೆಕ್ಷನ್: ಸಂಸ್ಥೆಯ ಆಡಳಿತದ ಒಟ್ಟು ಹಿಡಿತ ಯಾರ ಕೈಯಲ್ಲಿದೆಯೋ ಅವರೇ ಚಾರಿಟಿ (ದತ್ತಿ ಸಂಸ್ಥೆ) ಟ್ರಸ್ಟಿಗಳು. ಸಮಿತಿ ಸದಸ್ಯ ಎನ್ನಿ, ಗವರ್ನರ್ ಎನ್ನಿ, ಹೊಣೆ ತಪ್ಪದು. ಹಾಗಾಗಿ ಸೊತ್ತು ಕಾಯುವವ ಎಂಬ ‘ನ್ಯಾಸ’ ಇಲ್ಲಿ ಕೂರುವುದಿಲ್ಲ. ಕೂಟ ಸಿಐಒ (ಚಾರಿಟಬಲ್ ಇನ್‌ಕಾರ್ಪೊರೇಟೆಡ್ ಆರ್ಗನೈಸೇಶನ್, ಕಾನೂನಿನ ಕಣ್ಣಲ್ಲಿ ತಾನೇ ಒಬ್ಬ ವ್ಯಕ್ತಿಯಂತಿರುವ ದತ್ತಿ ಸಂಸ್ಥೆ) ಆಗಿದ್ದರೆ ಸೊತ್ತು ಸಂಸ್ಥೆಯ ಹೆಸರಲ್ಲೇ ಇರುತ್ತದೆ, ಟ್ರಸ್ಟಿಯ ಹೆಸರಲ್ಲಿ ಅಲ್ಲ.

‘ಹೊಣೆಗಾರ’ವೂ ಹೆದರಿಸುತ್ತದೆ. ನಮ್ಮಲ್ಲಿ ಸಾಲಕ್ಕೆ ಹೊಣೆ ನಿಂತವನು ಸಾಲ ಕಟ್ಟಬೇಕು. ಸಿಐಒದಲ್ಲಿ ಕರಾರು ಸಂಸ್ಥೆಯದು, ನೆಟ್ಟಗೆ ನಡೆದುಕೊಂಡ ಟ್ರಸ್ಟಿ ಸಾಮಾನ್ಯವಾಗಿ ಕೈಯಿಂದ ಕಟ್ಟಬೇಕಿಲ್ಲ. ಸಿಐಒವೂ ಅಲ್ಲ, ಕಂಪನಿಯೂ ಅಲ್ಲ, ಬರೀ ಸಂಘ ಎಂದಾದರೆ ಮಾತು ಬೇರೆ: ಹಾಲ್ ಬಾಡಿಗೆ ಬಾಕಿ ಉಳಿದರೆ ಸಹಿ ಹಾಕಿದವರ ಮನೆ ಬಾಗಿಲಿಗೇ ಬರಬಹುದು. ಯಾವ ಬಗೆ ಎಂದು ಮೊದಲು ಕೇಳಿಕೊಳ್ಳಿ. ವಯಸ್ಸೂ ಅದರ ಮೇಲೆಯೇ ನಿಂತಿದೆ. ಸಿಐಒ ಅಥವಾ ಕಂಪನಿಯಾದರೆ 16 ತುಂಬಿದವರು ಟ್ರಸ್ಟಿ ಆಗಬಹುದು, ಬರೀ ಸಂಘವಾದರೆ 18. ಯುವಕೂಟಕ್ಕೆ ಈ ಎರಡು ವರ್ಷ ಸಣ್ಣದಲ್ಲ.

ಇನ್ನು ಮೂರು ಕಡೆ ಅನುವಾದ ಎಡವುತ್ತದೆ. ‘ಖಜಾಂಚಿ ಬೇಕು’ ಎಂದು ಬೇರೆಯಾಗಿ ಬರೆದರೆ ಲೆಕ್ಕ ಅವರೊಬ್ಬರ ತಲೆನೋವು ಎಂದು ಉಳಿದವರು ನಿದ್ದೆ ಹೋಗುತ್ತಾರೆ. ಲೆಕ್ಕ ಎಲ್ಲರದು. ಲೆಕ್ಕದ ವರ್ಷ ಮುಗಿದ 10 ತಿಂಗಳೊಳಗೆ ದತ್ತಿ ಸಂಸ್ಥೆಗಳ ಮೇಲ್ವಿಚಾರಣೆಯ ಸರ್ಕಾರಿ ಇಲಾಖೆಯಾದ ಚಾರಿಟಿ ಕಮಿಷನ್‌ಗೆ ವಾರ್ಷಿಕ ವಿವರ ಹೋಗಬೇಕು. ತಡವಾದರೆ ಯಾರು ಬೇಕಾದರೂ ನೋಡಬಹುದಾದ ರಿಜಿಸ್ಟರಿನಲ್ಲಿ ಅದು ಕಾಣುತ್ತದೆ, ಅನುದಾನ ಕೊಡುವವರ ಕಣ್ಣಿಗೂ ಬೀಳುತ್ತದೆ. ಡಿಬಿಎಸ್ ತಪಾಸಣೆಗೆ (ಹಿಂದೆ ಅಪರಾಧ ಮಾಡಿದ್ದಾರೆಯೇ ಎಂದು ಸರ್ಕಾರಿ ಸಂಸ್ಥೆ ದಾಖಲೆ ನೋಡಿ ಹೇಳುವುದು) ‘ಪೊಲೀಸ್ ವೆರಿಫಿಕೇಶನ್’ ಎನ್ನಬೇಡಿ, ಠಾಣೆಗೆ ಹೋಗಬೇಕೆಂದು ಜನ ಹಿಂಜರಿಯುತ್ತಾರೆ. ‘ಅಪರಾಧ ದಾಖಲೆ ತಪಾಸಣೆ’ ಸಾಕು. ಸ್ವಯಂಸೇವಕರಿಗೆ ಡಿಬಿಎಸ್ ಶುಲ್ಕವಿಲ್ಲ, ಅರ್ಜಿ ಕಳಿಸಿಕೊಡುವ ಮಧ್ಯದ ಸಂಸ್ಥೆ ಮಾತ್ರ ತನ್ನ ಕೂಲಿ ಕೇಳಬಹುದು. ‘ಹಿತಾಸಕ್ತಿ ಸಂಘರ್ಷ’ ಎಂದರೆ ಯಾರಿಗೂ ತಲೆಗೆ ಹೋಗದು. ‘ನಿಮ್ಮ ಭಾವಮೈದುನನ ಹಾಲನ್ನು ಕೂಟ ಬಾಡಿಗೆಗೆ ಹಿಡಿಯುವುದಾದರೆ ಮೊದಲೇ ಹೇಳಿ, ಆ ತೀರ್ಮಾನದ ಹೊತ್ತಿಗೆ ಎದ್ದು ಹೊರಗಿರಿ’ ಎಂದು ಬರೆಯಿರಿ.

ಬೆಂಗಳೂರಿನಿಂದ

ಟ್ರಸ್ಟಿ ಎಂದೇ ಬರೆಯಿರಿ. ಹೆಣ್ಣು-ಗಂಡು ತಕರಾರೂ ಇಲ್ಲ. ವಿಶ್ವಸ್ತ-ವಿಶ್ವಸ್ತೆ, ಹೊಣೆಗಾರ-ಹೊಣೆಗಾರ್ತಿ ಎಂದು ಓರೆಗೆರೆ ಎಳೆಯುವುದು ತಪ್ಪುತ್ತದೆ. ಒಂದು ಎಚ್ಚರ ಮಾತ್ರ: ಕರ್ನಾಟಕದಲ್ಲಿ ಯುವಕ ಸಂಘಗಳು ಸಾಮಾನ್ಯವಾಗಿ 1960ರ ಸಂಘಗಳ ನೋಂದಣಿ ಕಾಯಿದೆಯಡಿ ಬರುತ್ತವೆ, ಅಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಆಡಳಿತ ಮಂಡಳಿ. ಟ್ರಸ್ಟಿ ಎಂದರೆ ಊರಿನ ಕಿವಿಗೆ ಆಸ್ತಿ ಬರೆದಿಟ್ಟ ಮನೆತನ, ಸಾಯುವ ತನಕ ಬಿಡದ ಕುರ್ಚಿ. ಅವಧಿ ಎಷ್ಟು ವರ್ಷ ಎಂದು ತಲೆಬರಹದ ಕೆಳಗೇ ಹಾಕಿ. ‘ಖಜಾಂಚಿ’ಯ ಖಜಾನೆ ಅರಬ್ಬಿ, ‘ಚಿ’ ತುರ್ಕಿ. ಅದನ್ನು ನುಂಗಿದವರಿಗೆ ಟ್ರಸ್ಟಿ ಗಂಟಲಲ್ಲಿ ಸಿಕ್ಕುವುದೇಕೆ?

ಮೈಸೂರಿನಿಂದ

ಹಾಗಾದರೆ ಇಡೀ ಹಾಳೆಯನ್ನು ಇಂಗ್ಲಿಷಿನಲ್ಲೇ ಬಿಡಿ, ಅಚ್ಚಿನ ದುಡ್ಡು ಉಳಿಯುತ್ತದೆ.

ಕೇಳಿದವರು, ರೆಡಿಂಗ್

ಎಲ್ಲರಿಗೂ ವಂದನೆ. ಕೂಟ ಸಿಐಒ ಎಂದು ಖಚಿತವಾಯಿತು. ಹೀಗೆ ಕಳಿಸುತ್ತಿದ್ದೇನೆ:

‘ಯುವಕೂಟ ನಡೆಸಲು ಟ್ರಸ್ಟಿಗಳು ಬೇಕು. ಅವಧಿ ಮೂರು ವರ್ಷ, ವರ್ಷಕ್ಕೆ ಆರು ಸಭೆ. ತೀರ್ಮಾನ ಎಲ್ಲರದು, ಲೆಕ್ಕವೂ ಎಲ್ಲರದು. 16 ತುಂಬಿದವರೂ ಬರಬಹುದು. ಅಪರಾಧ ದಾಖಲೆ ತಪಾಸಣೆ ಇರುತ್ತದೆ. ಸಂಬಳವಿಲ್ಲ, ಪ್ರಯಾಣದ ಖರ್ಚು ಕೊಡಲಾಗುವುದು.’

ಮೈಸೂರಿನಿಂದ

ಧಾರವಾಡದವರ ‘ಪಗಾರ’ ಪೋರ್ಚುಗೀಸ್ ಎಂಬುದು ಅವರ ಗಮನಕ್ಕೆ.

ಧಾರವಾಡದಿಂದ

ಗೊತ್ತದರಿ. ನಿಮ್ಮ ‘ಸಂಬಳ’ ಸಂಸ್ಕೃತದ ಶಂಬಲ, ದಾರಿಬುತ್ತಿ. ಅಂದ್ರ ಕಡೀ ಸಾಲು ‘ದಾರಿಬುತ್ತಿ ಇಲ್ಲ, ದಾರಿಖರ್ಚು ಕೊಡ್ತೀವಿ’ ಅಂತ ಆತು. ತಿದ್ದಸ್ರಿ.

ಕೇಳಿದವರು, ರೆಡಿಂಗ್

ಅಚ್ಚಿಗೆ ಹೋಯಿತು, ಸರ್.